ಕನ್ನಡ ನಟರ ಸಂಭೂಯಸಮುತ್ಥಾನ

ಮುಷ್ಕರವೆಂಬ ಶಬ್ದಕ್ಕೆ ಹಿಂದಿನ ಕನ್ನಡದಲ್ಲಿ ಹಟ, ಮೊಂಡತನ ಎಂಬ ಅರ್ಥವಿದ್ದಿತು. ಕೆಲಸಗಾರರು ಒಮ್ಮತದಿಂದ ದುಡಿಮೆಯನ್ನು ನಿಲ್ಲಿಸಿ ಒಡೆಯನನ್ನು ಒಪ್ಪಂದಕ್ಕೆ ತರುವ ಕ್ರಮಕ್ಕೆ ಆ ಹೆಸರು ರೂಢಿಯಾದದ್ದು ಈಚೆಗೆ. ಅರ್ಥವು ಹೀಗೆ ತಿರುಗಿದರೂ ಹಳೆಯದರ ಅಂಶವೊಂದು ಹೊಸದರಲ್ಲಿ ಉಳಿದುಕೊಂಡಿದೆ. ಹಟಕ್ಕೆ ಎದುರಾಳಿಯೊಬ್ಬನು ಬೇಕು. ಕೊಡಬಲ್ಲವನಾಗಿದ್ದು ಕೊಡದಿರುವವನೊಬ್ಬನು ಇದ್ದಲ್ಲದೆ ಹಟ ನಡೆಯದು. ಒಡೆಯನ ಕೈಯಲ್ಲಿಯೇ ಕೆಲಸವಿಲ್ಲದೆ ದುಡಿಮೆ ನಿಂತುಹೋದರೆ ದುಡಿಯುವವನು ಯಾರ ಮುಂದೆ ಹಟ ಹಿಡಿಯಬೇಕು? 1950ರಿಂದ ಮೊದಲಾದ ದಶಕದ ಕೊನೆಯ ವರ್ಷಗಳಲ್ಲಿ ಕನ್ನಡ ಚಲನಚಿತ್ರದ ನಟರಿಗೆ ಒದಗಿದ ಸಂಕಟವು ಈ ಬಗೆಯದು. ಅವರು ಅದರಿಂದ ಪಾರಾದ ವೃತ್ತಾಂತವನ್ನು ಭಾಷಾಭಿಮಾನದ ಕಥೆಯನ್ನಾಗಿ ಹೇಳುವುದು ವಾಡಿಕೆ. ಅದು ಸುಳ್ಳಲ್ಲ, ಆದರೆ ವೃತ್ತಿಯ ಇತಿಹಾಸವೆಂದು ಅದನ್ನೇ ಪರ್ಯಾಲೋಚಿಸಿದರೆ ಬೇರೊಂದು ವಿಷಯವು ಕಣ್ಣಿಗೆ ಬೀಳುತ್ತದೆ. ಭೃತಕನಾಗಿದ್ದ ನಟನು ಪಾಲುಗಾರನಾದುದರಿಂದ ಪಾರಾದನು. ಭೃತಕನ ಪ್ರಶ್ನೆಯಾದರೋ ಇತ್ಯರ್ಥವಾಗದೆ ಹಾಗೆಯೇ ನಿಂತಿತು.

ಭೃತಕ, ಪಾಲುಗಾರ ಎಂಬ ಈ ಭೇದವು ನಮ್ಮ ಧರ್ಮಶಾಸ್ತ್ರಕ್ಕೆ ಹೊಸದಲ್ಲ. ಮನುವು ಎಣಿಸಿದ ಹದಿನೆಂಟು ವ್ಯವಹಾರಪದಗಳಲ್ಲಿ ವೇತನಾದಾನವೆಂಬುದು ಒಂದು, ಸಂಭೂಯಸಮುತ್ಥಾನವೆಂಬುದು ಮತ್ತೊಂದು. ಮೊದಲನೆಯದು ಕೂಲಿಗೆ ದುಡಿದವನಿಗೂ ದುಡಿಸಿಕೊಂಡವನಿಗೂ ಹುಟ್ಟುವ ವಿವಾದ. ಎರಡನೆಯದು ಹಲವರು ಕೂಡಿ ಒಂದು ಕಾರ್ಯವನ್ನೆತ್ತಿದಾಗ ಬಂದ ಲಾಭವನ್ನು ಹಂಚಿಕೊಳ್ಳುವ ವಿಚಾರ. ನಟಗಾಯಕಾದಿಗಳು ಇವೆರಡರಲ್ಲಿ ಯಾವುದಕ್ಕೆ ಸೇರತಕ್ಕವರು? ಬೃಹಸ್ಪತಿಯ ಸ್ಮೃತಿಯು ಇಡಿಯಾಗಿ ನಮಗೆ ದೊರೆತಿಲ್ಲ. ನಿಬಂಧಕಾರರು ಎತ್ತಿಕೊಂಡಿರುವ ವಚನಗಳಿಂದ ಅದನ್ನು ಕೂಡಿಸಿಕೊಳ್ಳಬೇಕಾಗಿದೆ. ಅವುಗಳಲ್ಲಿ ಸಂಗೀತಗಾರರ ಮೇಳದ ಮಾತು ಬರುವುದು ಸಂಭೂಯಸಮುತ್ಥಾನದಲ್ಲಿ. ತಾಳವನ್ನು ಬಲ್ಲವನಿಗೆ ಒಂದೂವರೆ ಪಾಲು, ಹಾಡುವವರಿಗೆ ಸಮಪಾಲು ಎಂಬುದು ಅಲ್ಲಿಯ ತೀರ್ಮಾನ. ಎಂದರೆ ಮೇಳದ ನಾಯಕನು ಒಡೆಯನಲ್ಲ. ಅರ್ಧ ಪಾಲನ್ನು ಹೆಚ್ಚಾಗಿ ಪಡೆಯುವ ಜೊತೆಗಾರನು ಮಾತ್ರ. ಕೌಟಿಲ್ಯನೂ ಸಂಘವಾಗಿ ದುಡಿಯುವವರು ಮೊದಲೇ ಮಾತಾದಂತೆ, ಇಲ್ಲವೆ ಸಮನಾಗಿ ವೇತನವನ್ನು ಹಂಚಿಕೊಳ್ಳಬೇಕೆಂದು ವಿಧಿಸಿದ್ದಾನೆ.

ಕುಶೀಲವರ ವಿಷಯದಲ್ಲಿ ಕೌಟಿಲ್ಯನು ಹೇಳಿರುವ ಇನ್ನೆರಡು ಮಾತುಗಳು ಪ್ರಕೃತಕ್ಕೆ ಉಪಯುಕ್ತವಾಗಿವೆ. ಹೊರನಾಡಿನಿಂದ ಬಂದ ಮೇಳವು ಆಟವಾಡಬೇಕಾದರೆ ಪ್ರೇಕ್ಷಾವೇತನವೆಂದು ಐದು ಪಣಗಳನ್ನು ರಾಜನಿಗೆ ಸಲ್ಲಿಸಬೇಕೆಂಬುದು ಒಂದು. ಮಳೆಗಾಲದಲ್ಲಿ ಕುಶೀಲವರು ಒಂದೇ ಕಡೆ ನೆಲಸಿರಬೇಕೆಂಬುದು ಮತ್ತೊಂದು. ಎರಡನೆಯದನ್ನು ಕೇವಲ ರಾಜಾಜ್ಞೆಯೆಂದು ಓದಿದರೆ ಸಾಲದು. ಅಲೆದು ಬದುಕುವ ನಟನ ದುಡಿಮೆಯು ವರ್ಷಕ್ಕೊಮ್ಮೆ ತಾನಾಗಿಯೇ ನಿಲ್ಲುತ್ತಿದ್ದಿತೆಂಬುದಕ್ಕೂ ಅದು ಸಾಕ್ಷಿಯಾಗಿದೆ. ತುಳುನಾಡಿನಲ್ಲಿಯೂ ಕಾಸರಗೋಡಿನ ಸೀಮೆಯಲ್ಲಿಯೂ ಯಕ್ಷಗಾನದ ಮೇಳಗಳು ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಯಂದು ಗೆಜ್ಜೆ ಬಿಚ್ಚುವ ಸಂಪ್ರದಾಯವು ಇಂದಿಗೂ ನಡೆದುಬಂದಿದೆ. ಅಂದಿನಿಂದ ಮಳೆ ಮುಗಿಯುವ ತನಕ ಮೇಳದ ತಿರುಗಾಟವಿಲ್ಲ. ಕೆಲವು ಕಲಾವಿದರು ಸಣ್ಣ ತಂಡವಾಗಿ ಕೂಡಿ ಚಿಕ್ಕಮೇಳವೆಂಬ ಹೆಸರಿನಿಂದ ಮನೆಮನೆಗೆ ಹೋಗಿ ಒಂದೊಂದು ಪ್ರಸಂಗದ ತುಣುಕನ್ನು ಆಡಿ ಕೊಟ್ಟದ್ದನ್ನು ಪಡೆಯುತ್ತಾರೆ. ದೊಡ್ಡ ಮೇಳ ನಿಂತಾಗ ಸಣ್ಣ ಕೂಟವನ್ನು ಕಟ್ಟಿಕೊಂಡು ನೋಡುವವನ ಬಾಗಿಲಿಗೆ ನೇರವಾಗಿ ಹೋಗುವುದು ನಮ್ಮ ನಟವರ್ಗದ ಹಳೆಯ ಉಪಾಯವೆಂಬುದನ್ನು ಇಲ್ಲಿ ನೆನಪಿನಲ್ಲಿಡಬೇಕು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹುಟ್ಟಿದ ವೃತ್ತಿನಾಟಕಮಂಡಳಿಗಳು ಮೇಳದ ಈ ಪಾಲುಗಾರಿಕೆಯನ್ನು ಬಹುಮಟ್ಟಿಗೆ ತೊರೆದವು. 1884ರಲ್ಲಿ ಗುಬ್ಬಿಯಲ್ಲಿ ಆರಂಭವಾದ ಶ್ರೀ ಚನ್ನಬಸವೇಶ್ವರ ನಾಟಕ ಮಂಡಳಿಯು 1917ರಲ್ಲಿ ವೀರಣ್ಣನವರ ಒಡೆತನಕ್ಕೆ ಬಂದಿತು. ಕಂಪನಿಗೆ ಒಡೆಯರು, ನಟನಿಗೆ ತಿಂಗಳ ಸಂಬಳ, ಊಟ, ವಸತಿ. ಒಂದೂರಿನಲ್ಲಿ ಮುಕ್ಕಾಂ ಮಾಡಿ ಪ್ರೇಕ್ಷಕರು ಬರುವಷ್ಟು ದಿನ ಆಡಿ, ಅಲ್ಲಿಂದ ಪರದೆ ಪೆಟ್ಟಿಗೆಗಳೊಡನೆ ಮುಂದಿನ ಊರಿಗೆ ಹೋಗುವುದು. ಸಂಬಳವು ತಡವಾಗಬಹುದು, ತಪ್ಪಲೂಬಹುದು. ಊಟದ ಎಲೆಯಂತೂ ಬೀಳುತ್ತಿದ್ದಿತು. ಬಾಲನಟರನ್ನು ಅಕ್ಷರಾಭ್ಯಾಸದಿಂದ ಹಿಡಿದು ಸಂಗೀತದವರೆಗೆ ಕಂಪನಿಯೇ ತಿದ್ದುತ್ತಿದ್ದಿತು. ಈ ವ್ಯವಸ್ಥೆಯನ್ನು ಭೃತ್ಯಸಂಬಂಧವೆನ್ನುವುದಕ್ಕಿಂತ ಗುರುಕುಲವೂ ಅವಿಭಕ್ತ ಕುಟುಂಬವೂ ಬೆರೆತದ್ದೆಂದರೆ ಹೆಚ್ಚು ಸರಿಯಾದೀತು. ಕುಟುಂಬದಲ್ಲಿ ಮುಷ್ಕರ ಹೂಡುವವರುಂಟೆ? ಮನಸ್ತಾಪ ಬಂದರೆ ನಟನು ಮತ್ತೊಂದು ಕಂಪನಿಗೆ ಹೊರಟುಹೋಗುತ್ತಿದ್ದನು. ಇಲ್ಲವೆ ತಾನೇ ಒಂದನ್ನು ಕಟ್ಟುತ್ತಿದ್ದನು. ಕನ್ನಡ ರಂಗಭೂಮಿಯಲ್ಲಿ ಅಷ್ಟೊಂದು ಕಂಪನಿಗಳು ಹುಟ್ಟಿ ಅಳಿದುದಕ್ಕೆ ಇದೂ ಒಂದು ಕಾರಣ.

ಚಲನಚಿತ್ರವು ಬಂದಾಗ ನಟನ ಸ್ಥಿತಿಯು ಬೇರೆಯಾಯಿತು. ಮೊದಲನೆಯ ಕನ್ನಡ ವಾಕ್ಚಿತ್ರವಾದ 'ಸತಿ ಸುಲೋಚನಾ' 1934ರಲ್ಲಿ ತೆರೆಕಂಡಿತು. ಅದರ ಚಿತ್ರೀಕರಣವು ನಡೆದುದು ಕೊಲ್ಹಾಪುರದಲ್ಲಿ. ಅದರ ಮುಖ್ಯನಟರಾದ ಸುಬ್ಬಯ್ಯನಾಯ್ಡು, ಆರ್. ನಾಗೇಂದ್ರರಾಯರು ನಾಟಕಮಂಡಳಿಯವರು. ಮುಂದೆ ಕನ್ನಡ ಚಿತ್ರಗಳ ತಯಾರಿಕೆಯು ಹೆಚ್ಚಾಗಿ ಮದರಾಸಿನಲ್ಲಿ ನೆಲೆಗೊಂಡಿತು. ಅಲ್ಲಿ ಸಂಬಳವು ತಿಂಗಳಿಗಲ್ಲ, ಚಿತ್ರಕ್ಕೆ. ಒಂದು ಚಿತ್ರ ಮುಗಿದ ಮೇಲೆ ಮತ್ತೊಂದು ಮೊದಲಾಗುವ ತನಕ ಊಟದ ಎಲೆಯನ್ನು ಹಾಕುವವರಿಲ್ಲ. ಬಂಡವಾಳ ಹೂಡುವವನಿಗೆ ಅದೇ ಯಂತ್ರಶಾಲೆಯಲ್ಲಿ ತಮಿಳು ತೆಲುಗು ಚಿತ್ರಗಳನ್ನು ತೆಗೆದರೆ ಲಾಭ ಹೆಚ್ಚು. ಕನ್ನಡ ಸೀಮೆಗಳು 1956ರ ನವೆಂಬರ್ 1ರ ವರೆಗೆ ಹಲವು ಆಡಳಿತಗಳಲ್ಲಿ ಹರಿದು ಹಂಚಿದ್ದವು. ಒಂದಾದ ಮೇಲೂ ಚಿತ್ರಮಂದಿರಗಳು, ಮುಖ್ಯವಾಗಿ ಬೆಂಗಳೂರಿನ ದಂಡಿನ ಭಾಗದವು, ಇತರ ಭಾಷೆಗಳ ಚಿತ್ರಗಳಿಗೇ ಒಲಿದಿದ್ದವು.

1954ರಲ್ಲಿ ಎಚ್.ಎಲ್.ಎನ್. ಸಿಂಹರ ನಿರ್ದೇಶನದಲ್ಲಿ 'ಬೇಡರ ಕಣ್ಣಪ್ಪ' ಬಂದಿತು. ಗುಬ್ಬಿ ಕಂಪನಿಯಲ್ಲಿಯೂ ಸುಬ್ಬಯ್ಯನಾಯ್ಡುಗಳ ಮಂಡಳಿಯಲ್ಲಿಯೂ ಪಳಗಿದ್ದ ಮುತ್ತುರಾಜರು ರಾಜಕುಮಾರರೆಂಬ ಹೆಸರಿನಿಂದ ನಾಯಕರಾದುದು ಆ ಚಿತ್ರದಿಂದ. ಹಾಸ್ಯನಟ ನರಸಿಂಹರಾಜರಿಗೂ ಅದು ಮೊದಲನೆಯ ಚಿತ್ರ. ಚಿತ್ರವು ಗೆದ್ದಿತು. ಗೆದ್ದರೂ ಆ ಗೆಲುವು ನಟರ ಜೀವನವನ್ನು ಭದ್ರಪಡಿಸಲಿಲ್ಲ. ದಶಕವು ಮುಗಿಯುತ್ತ ಬಂದಂತೆ ಚಿತ್ರಗಳ ತಯಾರಿಕೆಯು ಕುಗ್ಗಿ, ಜನರು ಗುರುತಿಸಬಲ್ಲ ಮುಖವುಳ್ಳ ನಟರಿಗೇ ಕೆಲಸವಿಲ್ಲದಂತಾಯಿತು. ನಾಟಕದ ಕಂಪನಿಗಳಿಗೆ ಹಿಂದಿರುಗೋಣವೆಂದರೆ ಅವೂ ಅದೇ ಚಲನಚಿತ್ರದ ಪೆಟ್ಟಿನಿಂದ ಬಡವಾಗುತ್ತಿದ್ದವು.

ಈ ಸನ್ನಿವೇಶದಲ್ಲಿ ನಾಲ್ವರು ಕೂಡಿದರು: ರಾಜಕುಮಾರ್, ಟಿ.ಎನ್. ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್. ನಾಲ್ವರೂ ಗುಬ್ಬಿ ಕಂಪನಿಯ ಅನ್ನವನ್ನುಂಡವರು. ಕನ್ನಡ ಚಲನಚಿತ್ರ ಕಲಾವಿದರ ಸಂಘವೆಂಬ ಹೆಸರಿನಿಂದ ಒಂದು ಕೂಟವನ್ನು ಕಟ್ಟಿ, ನಾಟಕಗಳನ್ನು ಆಡುತ್ತ ನಾಡಿನಲ್ಲಿ ಸಂಚರಿಸಿದರು. ಆಡಿದ ನಾಟಕಗಳಲ್ಲಿ 'ಬೇಡರ ಕಣ್ಣಪ್ಪ'ವೂ ಒಂದು. ನಾಟಕದಿಂದ ತೆರೆಗೆ ಹೋದ ಕಥೆಯು ಹೀಗೆ ತೆರೆಯಿಂದ ಮರಳಿ ನಾಟಕಕ್ಕೆ ಬಂದುದು ಗಮನಿಸತಕ್ಕ ವಿಷಯ. ತೆರೆಯ ಮೇಲೆ ಕಂಡ ಕಣ್ಣಪ್ಪನು ತಮ್ಮೂರಿನ ರಂಗದ ಮೇಲೆ ಮೈಯುಳ್ಳವನಾಗಿ ನಿಂತುದನ್ನು ನೋಡಲು ಜನರು ಬಂದರು. ಚಲನಚಿತ್ರವು ಕೊಟ್ಟದ್ದು ಕೀರ್ತಿಯನ್ನು. ಆ ಕೀರ್ತಿಯನ್ನು ಅನ್ನವಾಗಿ ಮಾಡಿಕೊಟ್ಟದ್ದು ಹಳೆಯ ರಂಗವಿದ್ಯೆ. ಚಿತ್ರರಂಗದಲ್ಲಿಯೇ ಹುಟ್ಟಿ ಬೆಳೆದ ನಟರಾಗಿದ್ದರೆ ಈ ದಾರಿಯು ಅವರಿಗೆ ತೆರೆದಿರುತ್ತಿರಲಿಲ್ಲ. ಧ್ವನಿವರ್ಧಕವು ಕೈಕೊಟ್ಟರೂ ಕೊನೆಯ ಸಾಲಿಗೆ ಕೇಳುವಂತೆ ನುಡಿಯುವುದು, ಹಾಡುವುದು, ಒಂದೇ ರಾತ್ರಿ ಎರಡು ಪಾತ್ರಗಳನ್ನು ತೂಗಿಸುವುದು, ಇವು ಕಂಪನಿಯ ನಟನಿಗೆ ಮೈಗೂಡಿದ ವಿದ್ಯೆಗಳು. ಬಾಲಕೃಷ್ಣರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎದುರಿನ ನಟನ ತುಟಿಯ ಚಲನೆಯನ್ನು ನೋಡಿ ತಮ್ಮ ಮಾತಿನ ಸಮಯವನ್ನು ಅರಿಯುವ ಅಂಥವರನ್ನು ಅಪ್ರತಿಮ ನಟರನ್ನಾಗಿ ತಿದ್ದಿದುದು ಆ ಶಾಲೆಯೇ.

ಈ ಸಂಚಾರದ ಅರ್ಥವನ್ನು ಇನ್ನೊಂದು ಕಡೆಯಿಂದಲೂ ನೋಡಬಹುದು. ಇಂದು ಬೆಂಗಳೂರಿನ ದಕ್ಷಿಣಭಾಗದಲ್ಲಿ ಊರೊಳಗೆ ಊರಾಗಿ ಸೇರಿಹೋಗಿರುವ ಜರಗನಹಳ್ಳಿ, ಸಾರಕ್ಕಿ ಮುಂತಾದವು ಆ ಕಾಲಕ್ಕೆ ಹೊಲ, ತೋಟ, ಕೆರೆಗಳ ನಡುವಿನ ಗ್ರಾಮಗಳು. ಅಂಥ ಗ್ರಾಮದ ಒಕ್ಕಲಿಗನು ಕನ್ನಡ ಚಿತ್ರವನ್ನು ನೋಡಬೇಕಾದರೆ ಪೇಟೆಗೆ ಹೋಗಬೇಕು. ಹೋದಾಗ ಅಲ್ಲಿ ಕನ್ನಡ ಚಿತ್ರವೇ ನಡೆಯುತ್ತಿರಬೇಕು. ರಾಜಧಾನಿಯ ಮಗ್ಗುಲಿನ ಹಳ್ಳಿಯ ಗತಿಯೇ ಹೀಗಾದರೆ ದೂರದ ತಾಲ್ಲೂಕುಗಳ ಮಾತೇನು! ನೋಡುವ ಆಸೆಯುಳ್ಳ ಜನರು ಹಳ್ಳಿಪಳ್ಳಿಗಳಲ್ಲಿದ್ದರು. ಅವರ ಕಾಸನ್ನು ನಟನಿಗೆ ತಲಪಿಸುವ ಕಾಲುವೆಯು ಮಾತ್ರ ಮದರಾಸಿನ ಬಂಡವಾಳಗಾರನ, ಹಂಚಿಕೆದಾರನ, ಚಿತ್ರಮಂದಿರದ ಯಜಮಾನನ ತೂಬುಗಳಲ್ಲಿ ಕಟ್ಟಿಹೋಗಿದ್ದಿತು. ಸಂಘವು ಮಾಡಿದುದೇನೆಂದರೆ, ಆ ತೂಬುಗಳನ್ನು ಬಿಟ್ಟು ಕೆರೆಗೇ ಹೋಗಿ ಬಿಂದಿಗೆಯಿಂದ ಮೊಗೆದುಕೊಂಡಂತೆ. ಚಿಕ್ಕಮೇಳದವರು ಮಾಡುತ್ತಿದ್ದುದೂ ಇದನ್ನೇ ಅಲ್ಲವೆ? ಇದೇ ಸುಮಾರಿಗೆ, 1958ರಲ್ಲಿ, ಆರ್. ನಾಗರತ್ನಮ್ಮನವರು ನಟಿಯರೇ ಎಲ್ಲ ಪಾತ್ರಗಳನ್ನು ವಹಿಸುವ ಸ್ತ್ರೀ ನಾಟಕ ಮಂಡಳಿಯನ್ನು ಕಟ್ಟಿದರೆಂಬುದನ್ನೂ ಇದರೊಡನೆ ಸೇರಿಸಿ ನೋಡಬೇಕು. ಕೆಲಸಕ್ಕೆ ಕರೆಯುವವರನ್ನು ಕಾಯುತ್ತ ಕೂಡದೆ ಕೆಲಸವನ್ನೇ ಹುಟ್ಟಿಸಿಕೊಳ್ಳುವ ಬುದ್ಧಿಯು ನಾಲ್ವರು ಗಂಡಸರಿಗೆ ಮಾತ್ರ ಹೊಳೆದುದಲ್ಲ.

ನಾಟಕಗಳಿಂದ ಕೂಡಿದ ಹಣವು ಚಿತ್ರವೊಂದಕ್ಕೆ ಬಂಡವಾಳವಾಯಿತು. ಅದೇ 1960ರಲ್ಲಿ ತೆರೆಕಂಡ 'ರಣಧೀರ ಕಂಠೀರವ'. ರಚನೆ ಜಿ.ವಿ. ಅಯ್ಯರ್, ನಿರ್ದೇಶನ ಎನ್.ಸಿ. ರಾಜನ್, ಸಂಗೀತ ಜಿ.ಕೆ. ವೆಂಕಟೇಶ್. ಕಥಾನಾಯಕನು 1638ರಿಂದ 1659ರ ವರೆಗೆ ಶ್ರೀರಂಗಪಟ್ಟಣದಲ್ಲಿ ಆಳಿದ ಕಂಠೀರವ ನರಸರಾಜ ಒಡೆಯರು. ಹಿಂದಿನ ಅರಸನಿಗೆ ವಿಷವಿಕ್ಕಿದನೆಂದು ಹೇಳಲಾದ ದಳವಾಯಿ ವಿಕ್ರಮರಾಯನನ್ನು ನಿವಾರಿಸಿ ಅಧಿಕಾರವನ್ನು ಕೈಗೆ ತೆಗೆದುಕೊಂಡ ದೊರೆ; ತಿರುಚಿನಾಪಳ್ಳಿಗೆ ವೇಷಮರೆಸಿಕೊಂಡು ಹೋಗಿ ಅಲ್ಲಿಯ ಜಟ್ಟಿಯನ್ನು ಗೆದ್ದನೆಂದು ಪ್ರತೀತಿಯುಳ್ಳವನು. ಗೋವಿಂದವೈದ್ಯನ ಹೆಸರಿನಲ್ಲಿ ಪ್ರಸಿದ್ಧವಾದ ಸಾಂಗತ್ಯಕಾವ್ಯ 'ಕಂಠೀರವ ನರಸರಾಜ ವಿಜಯ'ವು ಈತನ ಕಾಲದ್ದೇ. ಅದನ್ನು ಸಂಪಾದಿಸಿದವರು ಕೌಟಿಲ್ಯನ ಅರ್ಥಶಾಸ್ತ್ರವನ್ನು ಲೋಕಕ್ಕೆ ಬೆಳಕಿಗೆ ತಂದ ಮೈಸೂರಿನ ಶಾಮಶಾಸ್ತ್ರಿಗಳೇ ಎಂಬುದು ಒಂದು ಸೊಗಸಾದ ಕಾಕತಾಳೀಯ. ವಸ್ತುವಿನ ಆಯ್ಕೆಯಲ್ಲಿ ಜಾಣ್ಮೆಯುಂಟು. ಪುರಾಣಕಥೆಗಳನ್ನು ನಾಲ್ಕೂ ಭಾಷೆಗಳವರು ತೆಗೆಯಬಲ್ಲರು. ಈ ಅರಸನು ಕನ್ನಡಿಗರಿಗೆ ಮಾತ್ರ ಸೇರಿದವನು. ತನ್ನ ವಂಶದ ಮನೆಯನ್ನು ದಳವಾಯಿಯ ಕೈಯಿಂದ ಬಿಡಿಸಿಕೊಂಡವನ ಕಥೆಯನ್ನು, ಪರರ ಬಂಡವಾಳದಿಂದ ತಮ್ಮ ವೃತ್ತಿಯನ್ನು ಬಿಡಿಸಿಕೊಳ್ಳಹೊರಟ ನಟರು ಆಡಿದರೆಂಬುದರಲ್ಲಿ ಉದ್ದೇಶವಿದ್ದಿತೋ ಇಲ್ಲವೋ, ನೋಡಿದವರಿಗೆ ಅರ್ಥವಾಗದೆ ಇರಲಾರದು.

ಇಷ್ಟರ ಮಟ್ಟಿಗೆ ಇದು ಬೃಹಸ್ಪತಿಯು ಹೇಳಿದ ಸಂಭೂಯಸಮುತ್ಥಾನವೇ ಸರಿ. ವೇತನಾದಾನದ ದಾರಿಯನ್ನು ಹಿಡಿದ ನಟರು ಏನು ಮಾಡಿದರೆಂಬುದನ್ನು ತಿಳಿಯಲು ದೂರದ ಅಮೆರಿಕದ ಕಡೆಗೆ ನೋಡಬೇಕು. ಅಲ್ಲಿ ನಟರ ಸಂಘವು 1913ರಲ್ಲಿ ಸ್ಥಾಪಿತವಾಯಿತು. ವಾರಗಟ್ಟಲೆ ಅಭ್ಯಾಸಕ್ಕೆ ವೇತನವಿಲ್ಲದಿರುವುದೇ ಮೊದಲಾದ ಕಷ್ಟಗಳನ್ನು ಮುಂದಿಟ್ಟುಕೊಂಡು 1919ರ ಆಗಸ್ಟ್ 7ರಂದು ನ್ಯೂಯಾರ್ಕಿನ ನಟರು ರಂಗವನ್ನೇರದೆ ನಿಂತರು. ಮುಷ್ಕರವು ಇತರ ನಗರಗಳಿಗೂ ಹಬ್ಬಿತು. ಮೇಳಗಾನದ ಹುಡುಗಿಯರೂ ತಮ್ಮದೊಂದು ಸಂಘವನ್ನು ಕಟ್ಟಿಕೊಂಡು ಸೇರಿದರು. ಅವರ ಮುಂದಾಳಾದವಳು ಮೇರಿ ಡ್ರೆಸ್ಲರ್ ಎಂಬ ಹಾಸ್ಯನಟಿ. ಮುಷ್ಕರದ ದಿನಗಳಲ್ಲಿ ನಟರು ಲೆಕ್ಸಿಂಗ್ಟನ್ ಬೀದಿಯ ನಾಟಕಮಂದಿರದಲ್ಲಿ ತಾವೇ ಸಹಾಯಾರ್ಥ ಪ್ರದರ್ಶನಗಳನ್ನು ಏರ್ಪಡಿಸಿದರು. ಎಥೆಲ್ ಬ್ಯಾರಿಮೋರಳಂಥ ಮಹಾನಟಿಯೂ ಅಲ್ಲಿ ಕಾಣಿಸಿಕೊಂಡಳು. ಹಸಿವೆಯನ್ನು ನೀಗಲು ಒಡೆಯನನ್ನು ಬಿಟ್ಟು ನೇರವಾಗಿ ಪ್ರೇಕ್ಷಕನ ಮುಂದೆ ಆಡುವ ಉಪಾಯವು ಅಲ್ಲಿಯೂ ಇಲ್ಲಿಯೂ ಒಂದೇ. ಭೇದವಿರುವುದು ಆ ಹಣವನ್ನು ವಿನಿಯೋಗಿಸಿದ ಬಗೆಯಲ್ಲಿ. ನ್ಯೂಯಾರ್ಕಿನವರು ಅದನ್ನು ಮುಷ್ಕರವು ಮುರಿಯದಂತೆ ಬಳಸಿದರು. ಸೆಪ್ಟೆಂಬರ್ 6ರಂದು ಯಜಮಾನರು ಸಂಘವನ್ನು ಅಂಗೀಕರಿಸಿ ಒಪ್ಪಂದಕ್ಕೆ ಬಂದ ಮೇಲೆ ನಟರು ನಟರಾಗಿಯೇ ರಂಗಕ್ಕೆ ಹಿಂದಿರುಗಿದರು. ಕನ್ನಡದವರು ಅದನ್ನು ಬಂಡವಾಳ ಮಾಡಿಕೊಂಡು ತಾವೇ ಯಜಮಾನರಾದರು.

ಇನ್ನೊಂದು ಹೋಲಿಕೆಯೂ ಕಾಲದ ದೃಷ್ಟಿಯಿಂದ ಹತ್ತಿರದ್ದು. 'ರಣಧೀರ ಕಂಠೀರವ'ವು ಬಂದ 1960ರಲ್ಲಿಯೇ, ಮಾರ್ಚ್ 7ರಿಂದ ಏಪ್ರಿಲ್ 18ರ ವರೆಗೆ, ಹಾಲಿವುಡ್ಡಿನ ಚಿತ್ರನಟರು ಮುಷ್ಕರ ಹೂಡಿದ್ದರು. ಹಳೆಯ ಚಿತ್ರಗಳನ್ನು ದೂರದರ್ಶನದಲ್ಲಿ ಮತ್ತೆ ತೋರಿಸಿ ನಿರ್ಮಾಪಕರು ಗಳಿಸುವ ಹಣದಲ್ಲಿ ನಟನಿಗೂ ಪಾಲಿರಬೇಕೆಂಬುದು ಅವರ ಕೇಳಿಕೆ. 1960ರ ಜನವರಿಯ ಈಚೆಗೆ ತಯಾರಾಗುವ ಚಿತ್ರಗಳಿಗೆ ಆ ಪಾಲು ದೊರೆಯಿತು. ಅದಕ್ಕೆ ಹಿಂದಿನವುಗಳ ಹಕ್ಕನ್ನು ಬಿಟ್ಟುಕೊಟ್ಟು ಪ್ರತಿಯಾಗಿ ನಿವೃತ್ತಿವೇತನಕ್ಕೂ ವೈದ್ಯಸಹಾಯಕ್ಕೂ 22 ಲಕ್ಷ 50 ಸಾವಿರ ಡಾಲರುಗಳ ಮೂಲಧನವನ್ನು ಪಡೆದರು. ಭೃತಕನಾಗಿದ್ದುಕೊಂಡೇ ಪಾಲುಗಾರನ ಹಕ್ಕಿನಲ್ಲಿ ಒಂದಂಶವನ್ನು ಗೆಲ್ಲಬಹುದೆಂಬುದಕ್ಕೆ ಇದು ನಿದರ್ಶನ. ಅರವತ್ತಮೂರು ವರ್ಷಗಳ ತರುವಾಯ, 2023ರ ಜುಲೈ 14ರಿಂದ 118 ದಿನಗಳ ಕಾಲ ಅವರ ಉತ್ತರಾಧಿಕಾರಿಗಳು ಮತ್ತೆ ಕೆಲಸವನ್ನು ನಿಲ್ಲಿಸಿದಾಗಲೂ ಮೂಲಪ್ರಶ್ನೆಗಳಲ್ಲಿ ಒಂದು ಆ ಪಾಲೇ ಆಗಿದ್ದಿತು.

ಕನ್ನಡದ ನಟರು ಹಾಗೇಕೆ ಮಾಡಲಿಲ್ಲವೆಂದು ಆಕ್ಷೇಪಿಸುವುದು ಅವಿಚಾರವಾದೀತು. ಹಾಲಿವುಡ್ಡಿನಲ್ಲಿ ತುಂಬಿದ ಬೊಕ್ಕಸವಿದ್ದಿತು, ಅದರ ಬಾಗಿಲಲ್ಲಿ ನಿಂತು ಕೇಳಿದರು. ಇಲ್ಲಿ ಬೊಕ್ಕಸವೇ ಇರಲಿಲ್ಲ. ಇಲ್ಲದವನ ಮೇಲೆ ಹಟ ಹಿಡಿದರೆ ಫಲವೇನು? ಆದಕಾರಣ ನಾಲ್ವರು ಹಿಡಿದ ದಾರಿಯು ಆ ಹೊತ್ತಿಗೆ ಉಚಿತವಾದದ್ದೇ, ಪ್ರಾಯಶಃ ಒಂದೇ ದಾರಿಯೂ ಹೌದು. ವಿಚಾರಿಸಬೇಕಾದುದು ಬೊಕ್ಕಸವು ತುಂಬಿದ ಮೇಲಿನ ನಡವಳಿಕೆಯನ್ನು. ಅಯ್ಯರವರು 1962ರಲ್ಲಿ 'ಭೂದಾನ'ದಿಂದ ನಿರ್ದೇಶಕರಾಗಿ, ಮುಂದೆ 1983ರಲ್ಲಿ 'ಆದಿ ಶಂಕರಾಚಾರ್ಯ'ವೆಂಬ ಮೊದಲನೆಯ ಸಂಸ್ಕೃತ ಚಿತ್ರವನ್ನು ಕೊಟ್ಟರು. ಗೀರ್ವಾಣವಾಣಿಯಲ್ಲಿ ವಾಕ್ಚಿತ್ರವನ್ನು ತೆಗೆಯುವ ಎದೆಗಾರಿಕೆಯು ಪಾಠಶಾಲೆಗಳಿಂದ ಬಾರದೆ ನಾಟಕದ ಕಂಪನಿಯಲ್ಲಿ ಬೆಳೆದವರಿಂದ ಬಂದುದು ಪಂಡಿತರು ನೆನೆಯಬೇಕಾದ ಸಂಗತಿ. ಅದಂತಿರಲಿ. ಬಾಲಕೃಷ್ಣರು ಮೈಸೂರು ರಸ್ತೆಯಲ್ಲಿ ಕೆಂಗೇರಿಯ ಬಳಿ ಅಭಿಮಾನ್ ಸ್ಟುಡಿಯೋವನ್ನು ಕಟ್ಟಿದರು. ನರಸಿಂಹರಾಜರು 1974ರ 'ಪ್ರೊಫೆಸರ್ ಹುಚ್ಚೂರಾಯ'ಕ್ಕೆ ನಿರ್ಮಾಪಕರಾದರು. ರಾಜಕುಮಾರರ ಪತ್ನಿ ಪಾರ್ವತಮ್ಮನವರು 1975ರ 'ತ್ರಿಮೂರ್ತಿ'ಯಿಂದ ನಿರ್ಮಾಣಕ್ಕೆ ಕೈಹಾಕಿ ಕನ್ನಡದ ಅತಿ ದೊಡ್ಡ ನಿರ್ಮಾಣಸಂಸ್ಥೆಗಳಲ್ಲೊಂದನ್ನು ಬೆಳೆಸಿದರು. ಹೀಗೆ ನಾಲ್ವರ ಮನೆಗಳೂ ನಿರ್ಮಾಣದ ಕಡೆಗೆ ಸಾಗಿದವು. ಕೂಡಿ ಎತ್ತಿದ ಕಾರ್ಯವು ಒಂದು ಚಿತ್ರದ ತರುವಾಯ ಬೇರೆಬೇರೆ ಮನೆಗಳಾಗಿ ಕವಲೊಡೆಯಿತು. ಪಾಲುಗಾರಿಕೆಯ ಆ ಕ್ರಮವು ಚಿತ್ರರಂಗದ ರೂಢಿಯಾಗಿ ನಿಲ್ಲಲಿಲ್ಲ.

ನಟರ ಒಗ್ಗಟ್ಟಿನ ಬಲವು ಆಮೇಲೆ ಹರಿದುದು ವೇತನದ ಕಡೆಗಿಂತ ಹೆಚ್ಚಾಗಿ ಸಂತೆಯ ರಕ್ಷಣೆಯ ಕಡೆಗೆ. 1960ರ ದಶಕದ ಮೊದಲಲ್ಲಿ ಅ.ನ. ಕೃಷ್ಣರಾಯರು, ಮ. ರಾಮಮೂರ್ತಿಗಳು ಮುಂತಾದವರ ನಾಯಕತ್ವದಲ್ಲಿ ನಡೆದ ಡಬ್ಬಿಂಗ್ ವಿರೋಧವು ಅನ್ಯಭಾಷೆಯ ಚಿತ್ರಗಳಿಗೆ ಕನ್ನಡದ ಮಾತನ್ನು ತೊಡಿಸಿ ತೋರಿಸುವುದನ್ನು ದಶಕಗಳ ಕಾಲ ತಡೆಯಿತು. ಇದರಿಂದ ನಟರಿಗೆ ಕೆಲಸ ದೊರೆತುದು ನಿಜ. 2014ರ ಜನವರಿ 27ರಂದು ಚಿತ್ರೋದ್ಯಮವೇ ಕೆಲಸ ನಿಲ್ಲಿಸಿ ಬೀದಿಗಿಳಿದುದೂ ಈ ಕಾರಣಕ್ಕೆ. ಆ ದಿನ ನಿರ್ಮಾಪಕನೂ ನಟನೂ ಒಂದೇ ಕಡೆ ನಿಂತಿದ್ದರೆಂಬುದನ್ನು ಗಮನಿಸಬೇಕು. ಕೂಲಿಗಾಗಿ ಹೂಡಿದ ಮುಷ್ಕರದಲ್ಲಾಗಿದ್ದರೆ ಅವರು ಎದುರುಬದುರಾಗಿ ನಿಲ್ಲಬೇಕಾಗಿದ್ದಿತು. 2015ರ ಜುಲೈಯಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಈ ತಡೆಯನ್ನು ನ್ಯಾಯವಲ್ಲವೆಂದು ತೀರ್ಮಾನಿಸಿ ಚಲನಚಿತ್ರ ವಾಣಿಜ್ಯ ಮಂಡಳಿಗೆ ದಂಡ ವಿಧಿಸಿತು. ಬಂಗಾಳದ ಇಂಥದೇ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2017ರ ಮಾರ್ಚ್ 7ರಂದು, ವ್ಯಾಪಾರಿಗಳ ಸಂಘದೊಡನೆ ಕೂಡಿದ ಕಲಾವಿದರ ಕೂಟವೂ ಸ್ಪರ್ಧಾನಿಯಮಕ್ಕೆ ಒಳಪಟ್ಟದ್ದೇ ಎಂದಿತು. ಯಾಜ್ಞವಲ್ಕ್ಯನು ಒಟ್ಟುಗೂಡಿ ಬೆಲೆಯನ್ನು ಕಟ್ಟಿ ಕಾರುಶಿಲ್ಪಿಗಳನ್ನು ಪೀಡಿಸುವವರಿಗೆ ಉತ್ತಮದಂಡವನ್ನು ಹೇಳಿದ್ದಾನೆ. ಅಲ್ಲಿ ರಕ್ಷಣೆಯು ಶಿಲ್ಪಿಗೆ. ಇಲ್ಲಿಯ ದಂಡದಲ್ಲಿ ಶಿಲ್ಪಿಯೂ ವ್ಯಾಪಾರಿಯ ಪಂಕ್ತಿಯಲ್ಲಿ ಕುಳಿತನು. ಪಾಲುಗಾರನೆಂಬ ಹೆಸರನ್ನು ಹೊತ್ತುದರ ಫಲವಿದು. ಪಾಲನ್ನು ಮಾತ್ರ ಆ ಪಂಕ್ತಿಯ ಎಲ್ಲರೂ ಕಂಡವರಲ್ಲ.

ಕಾಣದವರು ಯಾರೆಂದರೆ ಒಂದು ದಿನದ ಪಾತ್ರದವರು, ಗುಂಪಿನಲ್ಲಿ ನಿಲ್ಲುವವರು, ಕಂಠದಾನ ಮಾಡುವವರು. 1981ರ ಕೇಂದ್ರಶಾಸನವು ಚಿತ್ರಕಾರ್ಮಿಕನೆಂದರೆ ಯಾರೆಂದು ಹೇಳುವಾಗ ನಟ, ಗಾಯಕ, ನರ್ತಕರನ್ನೂ ಸೇರಿಸಿತು. ತಿಂಗಳಿಗೆ 1,600 ರೂಪಾಯಿ, ಇಲ್ಲವೆ ಒಟ್ಟಿಗೆ 15,000 ರೂಪಾಯಿಯನ್ನು ಮೀರದ ಪ್ರತಿಫಲವನ್ನು ಪಡೆಯುವವರಿಗೆ ಅದು ಅನ್ವಯಿಸುವಂತೆಯೂ ನಿರ್ಮಾಪಕನು ಲಿಖಿತ ಕರಾರನ್ನು ಮಾಡಿಕೊಳ್ಳತಕ್ಕುದೆಂದೂ ವಿಧಿಸಿತು. ವೇತನಾದಾನವೆಂಬ ವ್ಯವಹಾರಪದವು ಚಿತ್ರನಟನಿಗೂ ಸಲ್ಲುವುದೆಂದು ರಾಜಶಾಸನವು ಒಪ್ಪಿಕೊಂಡುದು ಹೀಗೆ, ಕನ್ನಡದ ಮೊದಲನೆಯ ವಾಕ್ಚಿತ್ರವು ಬಂದು 47 ವರ್ಷಗಳಾದ ಮೇಲೆ. ಕರ್ನಾಟಕದ ವಿಧಾನಮಂಡಲವು 2024ರಲ್ಲಿ ಚಲನಚಿತ್ರ ಹಾಗೂ ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿಗೆಂದು ಮತ್ತೊಂದು ಶಾಸನವನ್ನು ಅಂಗೀಕರಿಸಿತು. ಚಿತ್ರದ ಟಿಕೆಟಿನ ಮೇಲೆ ಶೇಕಡ 1ಕ್ಕೆ ಕಡಮೆಯಿಲ್ಲದೆ 2ಕ್ಕೆ ಮೀರದೆ ಉಪಕರವನ್ನು ಎತ್ತಿ ಅವರ ನಿಧಿಗೆ ಸೇರಿಸಬಹುದೆಂದು ಅದರಲ್ಲಿ ಹೇಳಿದೆ. ಕೌಟಿಲ್ಯನ ಕಾಲದಲ್ಲಿ ಪ್ರೇಕ್ಷಾವೇತನವನ್ನು ಕುಶೀಲವನು ರಾಜನಿಗೆ ತೆರಬೇಕಾಗಿದ್ದಿತು. ಈ ಶಾಸನದಲ್ಲಿ ಪ್ರೇಕ್ಷಕನು ತೆತ್ತುದನ್ನು ರಾಜನು ಕುಶೀಲವನಿಗಾಗಿ ತೆಗೆದಿಡಬೇಕಾಗಿದೆ. ನಿರ್ಮಾಪಕನ ಪಾಲಿನಿಂದ ನಟನಿಗೆ ಬರತಕ್ಕದ್ದೆಷ್ಟು ಎಂಬ ಮಾತು ಮಾತ್ರ ಇದರಲ್ಲಿಯೂ ಬಂದಿಲ್ಲ.